ಕಂದು ಹದಿನಾಲ್ಕು

ಮುಹರ್ರಕ್‌ನ ಹಲ್ವಾ ಅಂಗಡಿಯ ಮೇಲೆ ನಮ್ಮ ಸ್ಟುಡಿಯೊ.
ಕೇಸರಿ, ಏಲಕ್ಕಿ, ಕಾದ ತುಪ್ಪ ಮೆಟ್ಟಿಲು ಹತ್ತಿ ಬರುತ್ತಿದ್ದವು,
ಸಂಬಳ ಮಾತ್ರ ಕೆಳಗೇ ನಿಂತು ದಮ್ಮು ಆರಿಸಿಕೊಳ್ಳುತ್ತಿತ್ತು.

ಗದಗಿನ ಟಾಕೀಸಿನ ಬೋರ್ಡಿನಲ್ಲಿ
ನಾಯಕನ ಕೆನ್ನೆ ಗುಲಾಬಿ ಮಾಡುತ್ತಿದ್ದವನು
ಇಲ್ಲಿ ರಂಜಾನಿನ ಕಾರ್ಟೂನಿಗೆ ಬಣ್ಣ ತುಂಬುತ್ತಿದ್ದೆ.
ಬೂ ಮರ್ವಹ, ಅಂದರೆ ಫ್ಯಾನಪ್ಪ:
ಏಸಿಯನ್ನು ನಂಬದೆ, ಕಂಕುಳಲ್ಲಿ ಟೇಬಲ್ ಫ್ಯಾನ್ ಅವುಚಿಕೊಂಡೇ
ಬ್ಯಾಂಕಿಗೂ ಮದುವೆಗೂ ಮಯ್ಯತ್ತಿಗೂ ಹೋಗುವ ಮುದುಕ.

ಮೂವತ್ತು ರಾತ್ರಿ, ಮೂವತ್ತು ಕಂತು.
ಉಪವಾಸ ಬಿಟ್ಟು, ಹರೀಸಿನ ತಟ್ಟೆ ಇನ್ನೂ ತೊಳೆಯದ ಹೊತ್ತಿಗೆ
ಜನರಿಗೆ ನಗು ಬೇಕು.
ಯಾರನ್ನು ನೋಡಿ ನಗುವುದು ಎಂಬುದಕ್ಕೆ ಪಟ್ಟಿಯಿತ್ತು,
ಬರೆದದ್ದಲ್ಲ, ಬಾಯಿಪಾಠದ್ದು.
ಅತ್ತೆ, ಆಗಬಹುದು. ಸಾಲದಲ್ಲಿ ಕಾರು ಕೊಂಡ ಅಳಿಯ, ಆಗಬಹುದು.
ಅದರ ಮೇಲಿನ ಮೆಟ್ಟಿಲಿಗೆ ಕಾಲಿಟ್ಟರೆ ಫೋನು.

ಆರನೆಯ ಕಂತಿಗೆ ಹಾಗೊಂದು ಬಂತು:
ಆ ಉದ್ದನೆಯ ಕರೀ ಕಾರಿನ ಬಣ್ಣ ಬದಲಿಸಿ.
ಹಳದಿ ಬಳಿದೆ. ಟ್ಯಾಕ್ಸಿಯಾಯಿತು.
ಹಿಂದಿನ ಸೀಟಿನ ದೊಡ್ಡ ಮನುಷ್ಯನನ್ನು ಅಳಿಸಲು ಮರೆತಿದ್ದೆ.
ಟ್ಯಾಕ್ಸಿಯಲ್ಲೇ ಸಚಿವಾಲಯದ ಗೇಟಿಗೆ ಬಂದಿಳಿದ, ಪಾಪ,
ಚಿಲ್ಲರೆಗೆ ಜಗಳವಾಡದೆ.
ಬರೆದವನಿಗೂ ಹೊಳೆಯದ ನಗು ಅದು.

ಹನ್ನೊಂದನೆಯದು ಪೂರ್ತಿ ಕಪ್ಪು.
ಕರೆಂಟು ಹೋದ ಗಲ್ಲಿ, ಬರೀ ಮಾತು, ನಿಟ್ಟುಸಿರು,
ಯಾರೋ ಯಾರದೋ ಕಾಲು ತುಳಿದದ್ದು.
ಆ ಕತ್ತಲಲ್ಲಿ ಫ್ಯಾನಪ್ಪ ತನ್ನಪ್ಪನ ಕಥೆ ಹೇಳುತ್ತಾನೆ,
ಮುತ್ತಿಗೆ ಮುಳುಗಿದವನದು, ಮೇಲೆ ಹಗ್ಗ ಹಿಡಿದವನು
ತೂಕಡಿಸಿದ್ದು.
ನನಗೆ ಅಂದು ಕೆಲಸವಿರಲಿಲ್ಲ. ಹತ್ತು ನಿಮಿಷ ಕಪ್ಪನ್ನೇ ನೋಡಿದೆ.
ಮರುದಿನ ಚಾನೆಲ್ಲಿನವರು ಕ್ಷಮೆ ಕೇಳಿದರು,
ತಾಂತ್ರಿಕ ದೋಷವೆಂದು.

ಕಿರಾಣಿ ಅಂಗಡಿಯ ಹುಡುಗನಿಗೆ ಹೆಸರಿರಲಿಲ್ಲ.
ಸ್ಕ್ರಿಪ್ಟಿನಲ್ಲಿ 'ಹಿಂದಿ' ಅಂತಿತ್ತು. ಬಣ್ಣಕ್ಕೆ ಸಂಖ್ಯೆಯಿತ್ತು,
ಕಂದು ಹದಿನಾಲ್ಕು,
ಪರದೆಗೆ ನನ್ನ ಮುಂಗೈ ತಾಗಿಸಿ ನಾನೇ ಆರಿಸಿದ್ದು.
ತಲೆ ಅಲ್ಲಾಡಿಸಲಿಕ್ಕೆಂದೇ ಅವನಿಗೆ ಎಂಟು ಚಿತ್ರ.
ದನಿ ಕೈರೋದ ನಟನೊಬ್ಬನದು, ಮೂಗಿನಿಂದ.
ಇಪ್ಪತ್ತಮೂರನೆಯ ಕಂತಿಗೆ ಅವನ ಗಂಟಲು ಕಟ್ಟಿತು.

ನಿರ್ದೇಶಕ ಹಿಶಾಮ್ ಚಹಾ ತಂದವನನ್ನೇ ಮೈಕಿನ ಮುಂದೆ ನಿಲ್ಲಿಸಿದ,
ಗಂಗೊಳ್ಳಿಯ ಶೀನ ಮೊಗವೀರನನ್ನು.
ಏನಾದರೂ ಹೇಳು, ನಿನ್ನ ಭಾಷೆಯಲ್ಲಿ. ಬೇಗ ಬೇಗ. ಸಿಟ್ಟಿನಿಂದ.

ಶೀನ ಟ್ರೇ ಕೆಳಗಿಡಲಿಲ್ಲ.
"ಮೂರ್ ತಿಂಗ್ಳಾಯ್ತ್, ಸಂಬ್ಳ ಬರ್ಲ.
ಪಾಸ್‌ಪೋರ್ಟ್ ನಿಮ್ಮ್ ಕಪಾಟಂಗ್ ಇತ್ತ್.
ಎಲ್ಲಿಗ್ ಹೋಪುದ್ ಹೇಳಿ?
ಯಾರಿಗ್ ಎಷ್ಟ್ ಸಕ್ರಿ, ಅದೊಂದ್ ನಂಗ್ ಗೊತ್ತಿತ್."

ಹಿಶಾಮ್ ಹೊಟ್ಟೆ ಹಿಡಿದುಕೊಂಡ. ಇನ್ನೊಮ್ಮೆ, ಅಂದ. ಇನ್ನೂ ಜೋರಾಗಿ.
ಇನ್ನೊಮ್ಮೆ ಹೇಳಿದ. ಟ್ರೇಯ ಲೋಟಗಳು ಕಿಣಿಗುಟ್ಟಿದ್ದೂ
ರೆಕಾರ್ಡ್ ಆಯಿತು.

ಆಮೇಲೆ ನನ್ನ ಕಡೆ ತಿರುಗಿ, ಏನಂತೆ ಅವನು?
ನಂದು ಗದಗಿನ ಕನ್ನಡ. ಅವನದು ಪೂರ್ತಿ ಗೊತ್ತಾಗುವುದಿಲ್ಲ
ಅನ್ನಬಹುದಿತ್ತು, ಅರ್ಧ ನಿಜವೂ ಆಗುತ್ತಿತ್ತು.
ಗೊತ್ತಾಗಿತ್ತು.
"ತಮಾಷೆ ಸಾರ್," ಅಂದೆ.

ತೆರೆಯ ಕೆಳಗೆ ಅರಬ್ಬಿಯಲ್ಲಿ ಬಂತು: ಅರ್ಥವಾಗದ ಮಾತು.
ಯಾವ ಫೋನೂ ಬರಲಿಲ್ಲ.
ಆ ವರ್ಷ ಊರೆಲ್ಲ ನಕ್ಕ ಕಂತು ಅದೇ. ಮಕ್ಕಳು
ಶಾಲೆಯ ಬಸ್ಸಿನಲ್ಲಿ 'ಎಲ್ಲಿಗ್ ಹೋಪುದ್, ಎಲ್ಲಿಗ್ ಹೋಪುದ್' ಎಂದು
ತಲೆ ಅಲ್ಲಾಡಿಸುತ್ತಿದ್ದರು.
ಗಂಗೊಳ್ಳಿಯಲ್ಲಿ ಯಾರದೋ ಮೊಬೈಲಿನಲ್ಲಿ ಶೀನನ ತಂಗಿ
ಅದನ್ನು ಕೇಳಿದಳಂತೆ.
ಏನಂದಳೋ ಅವನು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಎರಡು ಚಮಚ ಸಕ್ಕರೆ ನನಗೆ. ಅವನಿಗೆ ಗೊತ್ತಿತ್ತು.
ಮರುದಿನದ ಚಹಾ ಸಪ್ಪೆಯಾಗಿತ್ತು.
ಕುಡಿದೆ. ಲೋಟ ತೆಗೆದುಕೊಳ್ಳಲು ಬಂದು ಅವನು ನಿಂತಿದ್ದ,
ಬಣ್ಣದ ಪೆಟ್ಟಿಗೆ ತೆರೆದೇ ಇತ್ತು ಪರದೆಯ ಮೇಲೆ.