ಹಾಲಿಗೆ ನೀರು

ಮಷೀನು ಸುಳ್ಳು ಹೇಳೂದಿಲ್ಲ ಅಂತ
ನನಗ ಕಲಿಸ್ಯಾರ, ಕಲಘಟಗಿಯ ಎರಡು ದಿನದ ತರಬೇತಿಯೊಳಗ.
ಅದಕ್ಕ ಧೋಂಡೂಬಾಯಿಯ ಕ್ಯಾನಿಗೆ
ಚೀಟಿ ಹರಿದು ಕೊಟ್ಟೆ:
ಫ್ಯಾಟು ಐದು ಪಾಯಿಂಟ್ ಒಂದು.
ನೀರು ಒಂಬತ್ತು ಪರ್ಸೆಂಟ್.

ಗೌಳೇರ ದಡ್ಡಿಯ ಎಮ್ಮಿ ಹಾಲು ಅಂದ್ರ
ಅದ್ದಿದ ಬೆರಳಿಗೆ ಅಂಗಿ ತೊಡಿಸತಿತ್ತು.
ಏಳೂವರಿ, ಎಂಟು. ಮಾಗಿಯೊಳಗ ಎಂಟರ ಮ್ಯಾಲೂ.
ಧಾರವಾಡದ ಪೇಢೆಯವರು
ಕ್ಯಾನಿನ ಮುಚ್ಚಳ ನೋಡೇ ಗುರುತು ಹಿಡೀತಿದ್ದರು.

ಆಕಿ ಚೀಟಿ ಓದಲಿಲ್ಲ, ಓದಾಕ ಬರೂದಿಲ್ಲ.
ನನ್ನ ಮಾರಿ ಓದಿದಳು.
"ನೀರ ಹಾಕೀನಿ ಅಂತೀ ಏನೋ ಕಾರಕೂನಾ?
ನೀರಿದ್ರ ಎಮ್ಮಿ ಮೈಮ್ಯಾಲ ಹಾಕತಿದ್ದೆ.
ಹಾಲಿಗ್ಯಾಕ ಹಾಕಲಿ?"
ಸಾಲಿನಾಗ ನಿಂತವರು ನಕ್ಕರು. ನಾನೂ.
ಆಕಿ ಖಾಲಿ ಕ್ಯಾನು ಸಿಂಬಿ ಮ್ಯಾಲ ಇಟಗೊಂಡು
ಬಿಸಲಾಗ ಸಣ್ಣಾಗುತ ಹೋದಳು.

ನಿಯಮ ಅಂದ್ರ ನಿಯಮ. ತಕರಾರು ಬಂದ್ರ
ಕೆಚ್ಚಲ ಕೆಳಗಿಂದಲೇ ಮಾದರಿ ತರಬೇಕು.
ಮರುದಿನ ಸಂಜಿ ಬಾಟಲಿ ಹಿಡಕೊಂಡು ದಡ್ಡಿಗೆ ಹೋದೆ.
ಸೂರ್ಯ ಮುಳುಗಿದ್ದ, ಸೆಕೆ ಮುಳುಗಿರಲಿಲ್ಲ.
ಹೆಂಡಿ ಬಳದ ಗ್ವಾಡಿಗೆ ಕೈ ಇಟ್ಟೆ,
ರೊಟ್ಟಿ ಹಂಚಿನಂಗ ಇತ್ತು.
ಹಿಂದ ಇಷ್ಟೊತ್ತಿಗೆ ಅಡವಿ ಕಡಿಂದ
ಕಂಬಳಿ ಕೇಳೂವಂಥ ಗಾಳಿ ಬರತಿತ್ತಂತ.

ಕಾಜಳಿ ನಿಂತಿದ್ದಳು. ಕುಡಗೋಲಿನಂಥ ಕೋಡು,
ತುದಿಗೆ ದೀವಳಿಗಿಯ ಕೆಂಪು ಬಣ್ಣ ಇನ್ನೂ ಚೂರು.
ನಾಲಿಗಿ ಹೊರಗ, ಜೊಲ್ಲು ದಾರದಂಗ,
ಪಕ್ಕಡಿ ಕುಲುಮಿ ತಿದಿಯಂಗ.
"ಕಾರ್ತೀಕದಿಂದ ಬೆದಿಗೆ ಬಂದಿಲ್ಲ," ಅಂದ ಮೊಮ್ಮಗ ಬಮ್ಮು.
"ಬಂದಿದ್ರೂ ರಾತ್ರಿ ಬಂದು ರಾತ್ರಿನ ಹೋಗಿರತೈತಿ.
ಒದರಿ ಹೇಳಾಕ ಅದಕ್ಕ ಉಸುರೆಲ್ಲೈತಿ?"

ಹೊಂಡ ತೋರಿಸಿದ. ಹೊಂಡದ ಜಾಗ.
ಭರಣಿ ಮಳಿ ಈ ಸಲ ಬರಲಿಲ್ಲ,
ಹೋದ ವರ್ಷದ್ದು ಒಂದ ರಾತ್ರಿ ಬಂದು
ಒಡ್ಡು ಕಿತಗೊಂಡು ಹೋಗಿತ್ತು.
ಎಮ್ಮಿಗೊಳು ಮಾತ್ರ ಮಧ್ಯಾಹ್ನಕ್ಕ ಅಲ್ಲೇ ಹೋಗಿ
ಒಣ ಮಣ್ಣಾಗ ಮಲಗತಾವಂತ,
ಮೊದಲ ನೀರು ಎಲ್ಲಿತನಕ ಇತ್ತೋ
ಅಲ್ಲಿತನಕ ಅಷ್ಟ.

ಧೋಂಡೂಬಾಯಿ ಹಿಂಡಿದಳು, ನನ್ನ ಕಣ್ಣಮುಂದ.
ಐದು ಪಾಯಿಂಟ್ ಸೊನ್ನೆ.
ನೀರು ಹತ್ತು ಪರ್ಸೆಂಟ್.

ಆ ರಾತ್ರಿ ಡೇರಿಯೊಳಗ ಕೂಲರಿನ ಮಗ್ಗಲಕ ಮಲಗಿದೆ.
ದಡ್ಡಿಯ ಹಾಲು ನಾಕು ಡಿಗ್ರಿಯೊಳಗ
ತಣ್ಣಗ ನಿದ್ದಿ ಮಾಡತಿತ್ತು.
ಕರೆಂಟು ಹೋದ್ರ ಜನರೇಟರು ಎದ್ದು ಕುಂದ್ರತೈತಿ,
ಹಾಲಿಗೆ.
ಬೆಳಿಗ್ಗೆ ಕೂಲರು ತೊಳದ ನೀರು, ಇನ್ನೂರು ಲೀಟರು,
ಹಿತ್ತಲ ಗಟಾರಕ್ಕ.
ಹತ್ತು ವರ್ಷ ಬಿಟ್ಟಾವ ನಾನ. ನೋಡಿದಾವ ಅಲ್ಲ.

ಈಗ ಹಿತ್ತಲಾಗ ಒಂದು ಕುಣಿ ಐತಿ.
ತಗ್ಗು ತೋಡಿದವರ್ಯಾರು ಅಂತ ಚೇರಮನ್ನರು ಕೇಳ್ಯಾರ.
ಸೋಡಾ ಹಾಕೂ ಮುಂಚಿನ ನೀರಷ್ಟ ಅದಕ್ಕ ಬಿಡತೀನಿ.
ಕಾಜಳಿ ಎರಡು ಗಂಟೆಗೆ ಬರತಾಳ,
ತನ್ನ ಹಾಲಿನ ಬಿಳುಪು ಇನ್ನೂ ಆರದ ನೀರಾಗ
ಮೊಣಕಾಲೂರತಾಳ, ಹೊಟ್ಟಿ ಊರತಾಳ,
ಕಣ್ಣು ಮುಚ್ಚತಾಳ.

ಫ್ಯಾಟು ಹಂಗೇನೂ ಏರಿಲ್ಲ. ಐದು ಪಾಯಿಂಟ್ ಎರಡು.
ನೀರು ಐತಿ ಅಂತ ಮಷೀನು ಇನ್ನೂ ಹೇಳತೈತಿ.
ಶರಾ ಕಾಲಮ್ಮಿನಾಗ ಬರದೆ:
ಹೌದು. ಹಾಕಿದಾವ ನಾನು.

ಕುಣಿ ಒಂದ ಎಮ್ಮಿಗೆ ಸಾಲತೈತಿ.
ಬೇಲಿ ಆಚೆ
ಇನ್ನೂ ಹನ್ನೊಂದು ನಿಂತಾವು.