ನೀರುಗಂಟಿಯ ರಕ್ತಪರೀಕ್ಷೆ

ಮೂವತ್ತೊಂದು ವರ್ಷ ಕೊತ್ತತ್ತಿ ಕಡೆಯ ತೂಬುಗಳಿಗೆ
ನಾನೇ ನೀರುಗಂಟಿ.
ಯಾರ ಗದ್ದೆಗೆ ಎಷ್ಟು ಹೊತ್ತು, ಯಾರದು ಮೊದಲು,
ಎಲ್ಲ ಬಾಯಲ್ಲೇ ಇತ್ತು, ಪುಸ್ತಕ ಇರಲಿಲ್ಲ.
ಮೈಯೊಳಗಿನ ಕಾಲುವೆಯ ಲೆಕ್ಕ ಮಾತ್ರ
ಯಾರೂ ಕೇಳಿರಲಿಲ್ಲ.

ಸ್ಕೂಲಿನ ಜಗಲಿಯಲ್ಲಿ ಟೇಬಲ್ ಹಾಕಿಕೊಂಡು
ಸಿಸ್ಟರ್ ಜಯಶೀಲ ತೋಳಿನಿಂದ ರಕ್ತ ತೆಗೆದರು.
ವಾರ ಬಿಟ್ಟು ಚೀಟಿ ಬಂತು: ಆರು ಪಾಯಿಂಟ್ ಒಂದು.
“ಮೂರು ತಿಂಗಳ ಸರಾಸರಿ ಇದು.
ಕಾಯಿಲೆ ಇನ್ನೂ ಬಂದಿಲ್ಲ, ಗಡಿಯಲ್ಲಿದ್ದೀರಿ.”
ಗಡಿ ನನಗೆ ಗೊತ್ತು. ಬದು.
ಬದುವಿನ ಮೇಲೆ ನಿಂತವನು
ಆ ಕಡೆ ಜಾರಲೂಬಹುದು, ಈ ಕಡೆ ಇಳಿಯಲೂಬಹುದು.

“ಸುಸ್ತಿಲ್ಲ, ಬಾಯಾರಿಕೆ ಇಲ್ಲ, ಇರುವೆ ಮುತ್ತಿಲ್ಲ” ಅಂದೆ.
“ಗಡಿಯಲ್ಲಿ ಅದು ಮಾತಾಡಲ್ಲ, ಅಪ್ಪಾಜಿ.
ನಾವೇ ಹೋಗಿ ಕೇಳಬೇಕು.”

ಅವರು ಇನ್ಸುಲಿನ್ ಅಂದರು, ಬೀಗ ಅಂದರು, ಕೀಲಿ ಅಂದರು.
ತಲೆಯಾಡಿಸಿದೆ. ತಿಳಿದದ್ದು ಸಂಜೆ, ಏಳನೇ ತೂಬಿನ ಹತ್ತಿರ.
ಕಾಲುವೆ ದಂಡೆ ಮುಟ್ಟಿ ಹರಿಯುತ್ತಿತ್ತು.
ಪಕ್ಕದಲ್ಲೇ ಸಾಕಮ್ಮನ ಗದ್ದೆ ಬಾಯಿ ಬಿಟ್ಟಿತ್ತು.
ತಿರುಪಿಗೆ ತುಕ್ಕು. ಎಷ್ಟು ತಿರುವಿದರೂ
ಹಲಗೆ ಎರಡು ಬೆರಳು ಏಳಲಿಲ್ಲ.
ಓಹೋ.
ರಕ್ತದಲ್ಲಿ ಸಕ್ಕರೆ ತುಂಬಿ ಹರೀತಾ ಇದೆ,
ಉಣ್ಣಬೇಕಾದ ಗದ್ದೆ ಹಸಿದಿದೆ,
ಒಳಗಿನ ನೀರುಗಂಟಿ ಒಬ್ಬನೇ
ಒಂದಾಳಿನ ಕೆಲಸಕ್ಕೆ ಮೂರಾಳಾಗಿ ಬೆವರುತ್ತಿದ್ದಾನೆ.
ಎಷ್ಟು ದಿನ? ಅವನಿಗೂ ನನ್ನಷ್ಟೇ ವಯಸ್ಸು.

ಅವನು ಕೈಚೆಲ್ಲಿದರೆ ಏನಾಗುತ್ತದೆ ಅಂತ ಮನೆಯಲ್ಲೇ ಕಂಡಿದ್ದೇನೆ.
ಅಣ್ಣ ದ್ಯಾವಯ್ಯನಿಗೆ ಕಬ್ಬಿನ ಕೂಳೆ ಚುಚ್ಚಿದ್ದು
ಗೊತ್ತೇ ಆಗಲಿಲ್ಲ.
ಎಡಗಾಲಿನ ಹೆಬ್ಬೆರಳನ್ನು ಮೈಸೂರಿನ ದೊಡ್ಡಾಸ್ಪತ್ರೆಗೆ
ಕೊಟ್ಟು ಬಂದ.
ಅಪ್ಪ ನಮಗೆ ಬಿಟ್ಟುಹೋದದ್ದು
ಹತ್ತು ಗುಂಟೆ, ಮತ್ತು ಇದು.

ಆದರೂ ಎಲ್ಲ ಅಪ್ಪನ ತಲೆಗೆ ಕಟ್ಟುವಂತಿಲ್ಲ.
ತುಕ್ಕು ಹಿಡಿದದ್ದು ಮಗಳು ಮೊಪೆಡ್ ಕೊಡಿಸಿದ ವರ್ಷ.
ಅಂದಿನಿಂದ ಉಡಿದಾರ ಮೂರು ಸಲ ಬದಲಾಗಿದೆ,
ಪ್ರತಿ ಸಲ ನಾಲ್ಕು ಬೆರಳು ಉದ್ದ.
“ಈಗ ಮೈ ಕೈ ತುಂಬ್ಕೊಂಡವ್ರೆ” ಅಂತ
ಚಿಕ್ಕತಾಯಿ ಬೀದಿಗೆಲ್ಲ ಹೇಳಿದ್ದಳು.

ಅವಳೇ ಸಿಸ್ಟರನ್ನು ಕೇಳಿದಳು:
“ಸಕ್ರೆ ಬುಡ್ಸಿ ಟೀಗೆ ಬೆಲ್ಲ ಹಾಕ್ಲಾ?”
“ಬೆಲ್ಲ ಅಂದ್ರೆ ಬಟ್ಟೆ ಬದಲಾಯಿಸಿದ ಸಕ್ಕರೆ ಕಣಮ್ಮ.”
ಮಂಡ್ಯದಲ್ಲಿ ಆಡುವ ಮಾತೇ ಅದು?
ಕಿಟಕಿಯಲ್ಲಿ ಆಲೆಮನೆಯ ಹೊಗೆ ನಿಂತು ಕೇಳಿಸಿಕೊಂಡಿತು.

ಈಗ ಎರಡಿದ್ದ ಮುದ್ದೆ ಒಂದಾಗಿದೆ,
ಉಪ್ಸಾರಿನ ಸೊಪ್ಪು ಎರಡು ಪಾಲು.
ಆಮೇಲಿನ ಅನ್ನ ಒಂದು ಹಿಡಿ, ಒಮ್ಮೊಮ್ಮೆ ಒಂದೂವರೆ,
ಸುಳ್ಳೇಕೆ ಹೇಳಲಿ.
ಬೀಗರೂಟದಲ್ಲಿ ಎರಡನೇ ಮುದ್ದೆಗೆ ಎಲೆಗೆ ಕೈ ಅಡ್ಡ ಹಿಡಿದಾಗ
“ಏನ್ಲಾ, ಹೆಣ್ಣಿನ ಕಡೆಯೋರ ಮೇಲೆ ಮುನಿಸಾ?” ಅಂದರು.
ಹೌದು, ಮುನಿಸು. ಯಾರ ಮೇಲೆ ಅಂತ ಹೇಳಲಿಲ್ಲ.

ಮೊಪೆಡ್ ಹೊಂಗೆ ಮರದ ಕೆಳಗೆ ನಿಂತಿದೆ, ಸೀಟಿನ ಮೇಲೆ ಕೋಳಿ.
ಉಂಡ ಮೇಲೆ ಏಳನೇ ತೂಬಿನ ತನಕ ನಡೆದು ಬರುತ್ತೇನೆ,
ಬ್ಯಾಟರಿ ಹಿಡಿದು, ಕಾಲುವೆ ಏರಿ ಮೇಲೆ.
ನಡೆದರೆ ಒಳಗಿನ ತಿರುಪು ಸಡಿಲಾಗುತ್ತದಂತೆ.
ಹೊರಗಿನದಕ್ಕೆ ಗ್ರೀಸ್ ಹಚ್ಚಿ
ದಿನಾ ಒಂದಿಷ್ಟು ಅಲ್ಲಾಡಿಸಿದೆ.
ಎಂಟನೇ ದಿನ ಕಿರ್ ಅಂತ ಒಂದು ಗೇಣು ಎದ್ದಿತು;
ಸಾಕಮ್ಮನ ಗದ್ದೆ ಗುಟುಗುಟು ಕುಡಿಯಿತು.

ಮತ್ತೆ ರಕ್ತ ಕೊಡುವುದು ಕಾರ್ತೀಕದಲ್ಲಿ.
ಅಂಕಿ ಏನು ಹೇಳುತ್ತದೋ.
ನಿನ್ನೆ ಬಚ್ಚಲಲ್ಲಿ ಉಡಿದಾರ ಜಾರಿ
ಸೊಂಟದ ಮೂಳೆಗೆ ಸಿಕ್ಕಿಕೊಂಡು ನಿಂತಿತು.
ಬಿಗಿ ಮಾಡಲಿಲ್ಲ.
ಹಾಗೇ ಇರಲಿ ಕೆಲವು ದಿನ, ಸಡಿಲವಾಗಿ.