ಎದೆ ದಾಟಿದ್ದು ಯಾವಾಗ

ಮೂವತ್ತೊಂದು ವರ್ಷ ನೆಹರೂ ಸ್ಟೇಡಿಯಮ್ಮಿನ ಸುಣ್ಣದ ಗೆರೆ ಪಕ್ಕ
ಮರದ ಮೆಟ್ಟಿಲ ಮೇಲೆ ಕೂತು ಹೆಬ್ಬೆರಳು ಒತ್ತಿದವನು ನಾನು.
ನಿವೃತ್ತನಾದ ಮೇಲೂ ರಾತ್ರಿ ಕೀಲಿ ಕೊಡದಿದ್ದರೆ ನಿದ್ದೆ ಬಾರದು,
ಸ್ಟಾಪ್‌ವಾಚಿಗೋ ನನಗೋ.

ಹಾಲೇಶ ಬಂದ. 'ಸಾರ್, ಒಂದು ಪಂದ್ಯ ಇದೆ.
ಮೊಬೈಲಲ್ಲೇ ಟೈಮ್ ತಗೋಬಹುದು, ತಬಸ್ಸುಮ್ ಒಪ್ತಿಲ್ಲ,
ನಾನು ಬೇಗ ಒತ್ತಿಬಿಡ್ತೀನಂತೆ.'

ವಿನೋಬನಗರ. ಟೈಲರ್ ಅಂಗಡಿಯ ಕೆಳಗೊಂದು ನೆಲಮಾಳಿಗೆ.
ಈ ಕಡೆ ಹಾಲೇಶನ ಗೇಮಿನ ಪೆಟ್ಟಿಗೆ,
ಎಣ್ಣೆ ಹಚ್ಚಿದ ಪೈಲ್ವಾನನ ಬೆನ್ನಿನ ಹಾಗೆ ಕರ್ರಗೆ.
ಆ ಕಡೆ ತಬಸ್ಸುಮಳ ಕಂಪ್ಯೂಟರ್,
ಅವರಪ್ಪ ಜೆರಾಕ್ಸ್ ಅಂಗಡಿ ಮುಚ್ಚಿದಾಗ ಉಳಿದದ್ದು,
ಪಕ್ಕದ ಮುಚ್ಚಳವಿಲ್ಲ, ಧೂಳು ಹಿಡಿದ ಫ್ಯಾನು ಕಾಣುತ್ತದೆ.
ಒಂದೇ ವೈಫೈ, ಒಂದೇ ಪುಟ. ಯಾವುದು ಮೊದಲು ತೆರೆಯುತ್ತೆ?

'ಟೇಪು ಎಲ್ಲಿ ಕಟ್ಟಿದ್ದೀರಿ?' ಅಂದೆ.
ಇಬ್ಬರೂ ಮುಖ ಮುಖ ನೋಡಿಕೊಂಡರು.

ಓಟದಲ್ಲಿ ಕೈ ಚಾಚಿದರೆ ಲೆಕ್ಕವಿಲ್ಲ, ತಲೆ ತೂರಿಸಿದರೂ ಇಲ್ಲ,
ಎದೆ ದಾಟಬೇಕು.
ಪುಟಕ್ಕೆ ಎದೆ ಯಾವುದು?
ಮೊದಲು ಬರಿ ಬಿಳಿ. ಆಮೇಲೆ ತಲೆಬರಹ.
ಅಕ್ಷರ ಕೂತು ಮುಗಿಯಿತು ಅನ್ನುವಾಗ
ಮೇಲಿಂದೊಂದು ಸೀರೆ ಜಾಹೀರಾತು ಜಾರಿ ಬಂದು
ಎಲ್ಲವನ್ನೂ ನಾಲ್ಕು ಬೆರಳು ಕೆಳಗೆ ತಳ್ಳುತ್ತದೆ.
ತೀರ್ಪು ಕೊಟ್ಟೆ: ಓದಲು ಬಂದ ಕ್ಷಣ. ಅದೇ ಎದೆ.

ಪೆಟ್ಟಿಗೆಯಲ್ಲಿ ವಿಳಾಸ ಬರೆಯುವುದೆಂದರೆ
ಗುಂಡಿ ಒತ್ತಿ ಒತ್ತಿ ಒಂದೊಂದೇ ಅಕ್ಷರ ಹೆಕ್ಕಬೇಕು.
ಅದೂ ಸೇರಬೇಕು ಅಂದಳು ತಬಸ್ಸುಮ್.
ಲೇಸು ಕಟ್ಟುವ ಹೊತ್ತು ಓಟಕ್ಕೆ ಸೇರದಮ್ಮ, ಅಂದೆ.

ಮೊದಲ ಸುತ್ತು, ಗಾಜನೂರಿನ ನೀರಿನ ಮಟ್ಟ.
ಕಂಪ್ಯೂಟರ್ ಒಂಬತ್ತು ಸೆಕೆಂಡು. ಪೆಟ್ಟಿಗೆ ಇಪ್ಪತ್ಮೂರು.
ಎರಡನೆಯದು, ರೈಲಿನ ವೇಳಾಪಟ್ಟಿ. ಹೆಚ್ಚುಕಮ್ಮಿ ಅಷ್ಟೇ.
ಹಾಲೇಶ ಕೆಂಪಾದ. 'ಇದರಲ್ಲಿ ಕುದುರೆ ಗುಡ್ಡ ಹತ್ತುತ್ತೆ ಸಾರ್,
ಒಂದೊಂದು ಹುಲ್ಲೂ ಬೇರೆ ಬೇರೆ ಅಲ್ಲಾಡುತ್ತೆ,
ನಾಲ್ಕು ಸಾಲು ಅಕ್ಷರಕ್ಕೆ ಏನು ಧಾಡಿ?'
ಗುಂಡು ಎಸೆಯುವವನನ್ನು ನೂರು ಮೀಟರಿಗೆ ನಿಲ್ಲಿಸಿ ನೋಡಿದ್ದೇನೆ.
ಅಷ್ಟು ದೊಡ್ಡ ತೋಳು, ಪಾಪ,
ಎಲ್ಲಿಟ್ಟುಕೊಳ್ಳಬೇಕೆಂದು ತಿಳಿಯದೆ ಓಡುತ್ತಾನೆ.

'ಕೊನೇ ಪುಟ ನೀವೇ ಹೇಳಿ ಸಾರ್.'
ಜಿಲ್ಲಾ ಕ್ರೀಡಾಕೂಟದ ಹಳೇ ಫಲಿತಾಂಶ, ಅಂದೆ.
ಮಹಿಳೆಯರು, ಎಂಟುನೂರು ಮೀಟರ್.
ಯಾಕೆ ಅಂದೆನೋ.

ಕಂಪ್ಯೂಟರಿನ ಆ್ಯಂಟಿವೈರಸ್ಸಿಗೆ ಆಗಲೇ ಎಚ್ಚರವಾಗಬೇಕೆ,
ಆಗುಂಬೆ ಘಾಟಿಯ ತಿರುವಿನಲ್ಲಿ ಬಸ್ಸು ನರಳಿದಂತೆ ಫ್ಯಾನು.
ಪೆಟ್ಟಿಗೆ ಹನ್ನೆರಡಕ್ಕೇ ತೆರೆದುಕೊಂಡಿತು.
ಹಾಲೇಶ ಕುಣಿದ. ನಾನು ಒತ್ತಲಿಲ್ಲ.
ಕನ್ನಡಕ ಏರಿಸಿ ಹತ್ತಿರ ಹೋದೆ.
2:24.6. ಅಂಕಿ ಸರಿಯಾಗಿದೆ.
ಹೆಸರಿದ್ದ ಜಾಗದಲ್ಲಿ ಎಂಟು ಖಾಲಿ ಚೌಕ,
ಓಟಗಾರರೇ ಬಾರದ ಎಂಟು ಲೇನು.

'ಕನ್ನಡ ಬರಲ್ಲ ಸಾರ್ ಇದಕ್ಕೆ,' ಅಂದ, ತಪ್ಪು ತನ್ನದೇ ಎಂಬಂತೆ.

ತಡವಾಗಿ, ಬಹಳ ತಡವಾಗಿ, ಹಳೇ ಕಂಪ್ಯೂಟರಿನಲ್ಲಿ
ಒತ್ತಕ್ಷರ ಕೆಳಗಿಳಿದು ಕೂತವು: ಗುತ್ಯಮ್ಮ, ಹೊಸನಗರ.

ಎರವಲು ಶೂ ದೊಡ್ಡದಾಗಿ
ಮೊದಲ ತಿರುವಿನಲ್ಲೇ ಕಿತ್ತೆಸೆದು ಓಡಿದವಳು.
ರಾಜ್ಯ ಮಟ್ಟಕ್ಕೆ 24.5 ಬೇಕಿತ್ತು.
ಮೂರು ವಾಚು. ನಡುವಿನದ್ದೇ ಲೆಕ್ಕ.
ನಡುವಿನದು ನನ್ನದು.

'ಎಷ್ಟಾಯ್ತು ಸಾರ್?' ತಬಸ್ಸುಮ್ ಕೇಳುತ್ತಿದ್ದಾಳೆ.
ಮುಳ್ಳು ಓಡುತ್ತಲೇ ಇದೆ ಅಂಗೈಯಲ್ಲಿ.
'ಇನ್ನೊಂದು ಸಲ ಓಡಿಸಿ,' ಅಂದೆ,
'ನನ್ನ ಬೆರಳಿನ ಮೇಲೆ ನನಗೆ ಅನುಮಾನ.'